ಭಟ್ಟಿಯ ಮುಚ್ಚಳ ಮೊದಲು, ಚಾವಣಿ ಆಮೇಲೆ

ಬೆಳಗಾವಿಯ ಉದ್ಯಮಬಾಗದಿಂದ ಸಣ್ಣ ಫೌಂಡ್ರಿಯ (ಎರಕದ ಕಾರ್ಖಾನೆಯ) ಮಾಲೀಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ತಿಂಗಳಿಗೆ 50 ಟನ್ ಕಬ್ಬಿಣ ಕರಗಿಸುತ್ತಾರೆ. ಕರೆಂಟ್ 50 ಸಾವಿರ ಯೂನಿಟ್, ಅದರಲ್ಲಿ ಭಟ್ಟಿಯೊಂದಕ್ಕೇ 36 ಸಾವಿರ. ಬಿಲ್ಲು 4 ಲಕ್ಷದ ಆಸುಪಾಸು. ರಾತ್ರಿ ದರದಲ್ಲಿ ರಿಯಾಯಿತಿ ಇದೆ ಅಂತ ಹೆಚ್ಚಿನ ಹೀಟ್‌ಗಳನ್ನು (ಕರಗಿಸುವ ಸರದಿಗಳನ್ನು) ರಾತ್ರಿಯೇ ತೆಗೆಯುತ್ತಾರೆ. ಸೋಲಾರ್ ಕಂಪನಿಯವರು 100 ಕಿಲೋವ್ಯಾಟ್‌ಗೆ 46 ಲಕ್ಷದ ಕೊಟೇಶನ್ ಕೊಟ್ಟು, "ತಿಂಗಳಿಗೆ 96 ಸಾವಿರ ಉಳಿತಾಯ, ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ವಾಪಸ್" ಎಂದಿದ್ದಾರೆ. ಬ್ಯಾಂಕ್‌ನವರು ಮನೆ ಪತ್ರ ಕೇಳಿದ್ದಾರೆ. "ನನ್ನ ಷಡ್ಡಕನ ಮನೆಗೆ 78 ಸಾವಿರ ಸಬ್ಸಿಡಿ ಬಂತು, ನಮಗೆ ಯಾಕಿಲ್ಲ? ಸಾಲ ಮಾಡಲೋ, ಕಂಪನಿಯವರೇ ಪ್ಯಾನೆಲ್ ಹಾಕಿ ಯೂನಿಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ದಾರಿ ಹಿಡಿಯಲೋ? ಚಾವಣಿಗೆ ಹಳೇ ಸಿಮೆಂಟ್ ಶೀಟ್ ಇದೆ, ನಡೆಯುತ್ತಾ?" ಇವು ಅವರ ಪ್ರಶ್ನೆಗಳು.

ಮಾನ್ಯರೇ,

ಷಡ್ಡಕರ ವಿಷಯ ಮೊದಲು ಮುಗಿಸಿಬಿಡೋಣ. ಅವರಿಗೆ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಹಣ. ಅದು ಮನೆಗಳಿಗೆ ಮಾತ್ರ. ಕಾರ್ಖಾನೆಯ ಚಾವಣಿಗೆ ಆ ಬಾಗಿಲು ತೆರೆಯುವುದಿಲ್ಲ. ಹಾಗಂತ ನಿಮಗೆ ಏನೂ ಇಲ್ಲ ಅಂತಲ್ಲ. ಕೈಗೆ ಕೊಡುವ ದುಡ್ಡಿನ ಬದಲು ಬಡ್ಡಿಯಲ್ಲಿ, ತೆರಿಗೆಯಲ್ಲಿ, ಸಾಲದ ಗ್ಯಾರಂಟಿಯಲ್ಲಿ ಸಿಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಸೋಲಾರ್ ಪುಟವನ್ನಲ್ಲ, ಭಟ್ಟಿಗೆ 36 ಸಾವಿರ ಯೂನಿಟ್ ಎಂಬ ಒಂದು ಸಾಲನ್ನು. 50 ಟನ್‌ಗೆ 36 ಸಾವಿರ ಅಂದರೆ ಟನ್‌ಗೆ 720 ಯೂನಿಟ್ ಆಯಿತು. ಸುಸ್ಥಿತಿಯಲ್ಲಿರುವ ಇಂಡಕ್ಷನ್ ಭಟ್ಟಿ 550ರಿಂದ 600 ಯೂನಿಟ್‌ನಲ್ಲಿ ಒಂದು ಟನ್ ಕಬ್ಬಿಣ ಕರಗಿಸುತ್ತದೆ. 600 ಅಂತಲೇ ಹಿಡಿಯಿರಿ. ಟನ್‌ಗೆ 120 ಯೂನಿಟ್ ಸುಮ್ನೆ ಹೋಗುತ್ತಿದೆ, ತಿಂಗಳಿಗೆ 6,000. ನಮ್ಮ ಕಡೆ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ನಿಮ್ಮ ಭಟ್ಟಿಯ ಬಾಯಿಂದ 50 ಕಿಲೋವ್ಯಾಟ್ ಸೋಲಾರ್‌ನಷ್ಟು ಕರೆಂಟ್ ಗಾಳಿಗೆ ಹೋಗುತ್ತಿದೆ.

ಎಲ್ಲಿ ಹೋಗುತ್ತದೆ ಅಂತ ನಿಮಗೇ ಗೊತ್ತಿರುತ್ತದೆ. ಕೆಲವು ವರ್ಷದ ಹಿಂದೆ ನಿಮ್ಮೂರಿನ ಒಂದು ಫೌಂಡ್ರಿಯಲ್ಲಿ ನಾನು ಒಂದು ರಾತ್ರಿ ಕಳೆದಿದ್ದೆ. ಲೋಹ ತಯಾರಾಗಿತ್ತು, ಅದನ್ನು ಹೊಯ್ಯುವ ಮರಳಿನ ಮೋಲ್ಡ್ ತಯಾರಾಗಿರಲಿಲ್ಲ. ಇಪ್ಪತ್ತು ನಿಮಿಷ ಭಟ್ಟಿ ಬಾಯಿ ತೆರೆದುಕೊಂಡೇ ನಿಂತಿತ್ತು. ಹತ್ತು ಅಡಿ ದೂರದಲ್ಲಿದ್ದ ನನ್ನ ಮುಖ ಬಿಸಿಯಾಗಿತ್ತು. ಮುಚ್ಚಳ ಎಲ್ಲಿ ಅಂತ ಕೇಳಿದೆ. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು, ಅದರ ಮೇಲೆ ಯಾರದೋ ಊಟದ ಡಬ್ಬಿ. "ಎತ್ತಿ ಇಡೋದು ರಗಳೆ ಸರ್" ಎಂದರು. ಹಳೆಯ ಎರಕದಿಂದ ಕತ್ತರಿಸಿ ತೆಗೆದ ರನ್ನರ್, ರೈಸರ್ ತುಂಡುಗಳನ್ನು ಮರಳು ಉದುರಿಸದೆ ಹಾಗೇ ಭಟ್ಟಿಗೆ ಹಾಕುತ್ತಿದ್ದರು. ಆ ಮರಳೂ ಕರಗಬೇಕು, ಕಿಟ್ಟವಾಗಿ ಮೇಲೆ ಬರಬೇಕು, ಮತ್ತೆ ಅದನ್ನು ತೆಗೆಯಲು ಬಾಯಿ ತೆರೆಯಬೇಕು. ಮಾಲೀಕರು ಕಾಸು ಕೊಟ್ಟು ಮರಳು ಕಾಯಿಸುತ್ತಿದ್ದರು, ಅಷ್ಟೇ.

ಇನ್ನೊಂದು ಪರೀಕ್ಷೆ ಈ ಭಾನುವಾರವೇ ಮಾಡಿ. ಎಲ್ಲ ಯಂತ್ರ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಿ, ಶೆಡ್ಡಿನ ನಡುವೆ ಸುಮ್ಮನೆ ನಿಂತು ಕೇಳಿ. ಎಲ್ಲೆಲ್ಲಿ ಬುಸುಗುಡುತ್ತದೋ ಅಲ್ಲೆಲ್ಲ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ಯಾರೂ ಗಾಳಿ ಬಳಸದೇ ಇದ್ದರೂ ಕಂಪ್ರೆಸರ್ ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ತೆಗೆದುಕೊಂಡರೆ (ಗಾಳಿ ತುಂಬಿದರೆ), ಅದರ ಸಾಮರ್ಥ್ಯದಲ್ಲಿ ನೂರಕ್ಕೆ ಮೂವತ್ತು ಭಾಗ ಸೋರುತ್ತಿದೆ ಎಂದರ್ಥ. ಗಾಳಿಯ ಒತ್ತಡ ಒಂದು ಬಾರ್ ಇಳಿಸಿದರೂ ಕಂಪ್ರೆಸರ್ ತಿನ್ನುವ ಕರೆಂಟ್ ನೂರಕ್ಕೆ ಆರೇಳು ಪಾಲು ಕಡಿಮೆ ಆಗುತ್ತದೆ. ಇದಕ್ಕೆಲ್ಲ ಸಾಲ ಬೇಡ, ಎರಡು ಭಾನುವಾರ ಸಾಕು.

ಈಗ ಆ 96 ಸಾವಿರದ ಲೆಕ್ಕ. ಕಂಪನಿಯವರು ನಿಮ್ಮ ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿದ್ದಾರೆ. 4 ಲಕ್ಷಕ್ಕೆ 50 ಸಾವಿರ ಯೂನಿಟ್, ಒಂದಕ್ಕೆ 8 ರೂಪಾಯಿ. ಸೋಲಾರ್ ತಿಂಗಳಿಗೆ 12 ಸಾವಿರ ಯೂನಿಟ್ ಕೊಡುತ್ತದೆ, ಆದ್ದರಿಂದ 96 ಸಾವಿರ ಉಳಿತಾಯ. ಲೆಕ್ಕ ನೀಟಾಗಿದೆ, ಆದರೆ ತಪ್ಪು. ಆ 8 ರೂಪಾಯಿಯೊಳಗೆ ಡಿಮ್ಯಾಂಡ್ ಶುಲ್ಕವೂ, ಅಂದರೆ ಒಮ್ಮೆಲೇ ಎಳೆಯುವ ಗರಿಷ್ಠ ಲೋಡ್ ಲೆಕ್ಕದಲ್ಲಿ ಕಟ್ಟುವ ಹಣವೂ, ಸೇರಿದೆ. ನಿಮ್ಮ ಡಿಮ್ಯಾಂಡ್ ಏರುವುದು ರಾತ್ರಿ ಭಟ್ಟಿ ಹೊತ್ತಿದಾಗ. ಆಗ ಸೂರ್ಯ ಎಲ್ಲಿರುತ್ತಾನೆ? ಆ ಶುಲ್ಕ ಒಂದು ಪೈಸೆಯೂ ಇಳಿಯುವುದಿಲ್ಲ. ಬಿಲ್ಲಿನಲ್ಲಿ ಬರೀ ಯೂನಿಟ್ ದರದ ಸಾಲನ್ನು ನೋಡಿ. ತೆರಿಗೆ ಸೇರಿ ಅದು 6 ರೂಪಾಯಿ ಅಂತಿಟ್ಟುಕೊಂಡರೆ ಉಳಿತಾಯ 72 ಸಾವಿರಕ್ಕೆ ಬಂತು. ಅದೂ ಹಗಲಿನಲ್ಲಿ ಹುಟ್ಟಿದ ಅಷ್ಟೂ ಕರೆಂಟನ್ನು ನೀವೇ ಬಳಸಿದರೆ. ಹಗಲು ನಿಮ್ಮಲ್ಲಿ ಓಡುವುದು ಸ್ಯಾಂಡ್ ಪ್ಲಾಂಟ್, ಗ್ರೈಂಡರ್, ಕಂಪ್ರೆಸರ್ ಅಲ್ವಾ? ಭಾನುವಾರ ಅದೂ ಇಲ್ಲ. ಮಿಕ್ಕಿದ್ದು ಗ್ರಿಡ್‌ಗೆ ಹೋಗುತ್ತದೆ. ಅದಕ್ಕೆ ಯಾವ ದರ, ನೆಟ್ ಮೀಟರಾ (ಬಳಕೆಯಲ್ಲಿ ಕಳೆದು ಲೆಕ್ಕ) ಗ್ರಾಸ್ ಮೀಟರಾ (ಹುಟ್ಟಿದ್ದೆಲ್ಲ ಬೇರೆಯಾಗಿ ಮಾರಿದ ಲೆಕ್ಕ) ಎಂಬುದನ್ನು ನಿಮಗೆ ಕರೆಂಟ್ ಕೊಡುವ ಹೆಸ್ಕಾಂನಿಂದ ಬರಹದಲ್ಲಿ ಪಡೆಯಿರಿ. ಸೇಲ್ಸ್ ಹುಡುಗನ ಬಾಯಿಮಾತು ಬೇಡ.

ಕಂತಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. 46 ಲಕ್ಷಕ್ಕೆ ನೂರಕ್ಕೆ 10ರ ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 98 ಸಾವಿರ. ಅವರು ಹೇಳಿದ ಉಳಿತಾಯ ಪೂರ್ತಿ ನಿಜವಾದರೂ ಕಂತು ತುಂಬುವುದಿಲ್ಲ. ಏಳು ವರ್ಷಕ್ಕೆ ಎಳೆದರೆ 76 ಸಾವಿರ ಚಿಲ್ಲರೆ. ನನ್ನ ಅಭಿಪ್ರಾಯ ಕೇಳಿದರೆ, ಸೋಲಾರ್ ಬೇಡ ಅಂತಲ್ಲ, 100 ಬೇಡ. ಸೋರಿಕೆ ನಿಂತ ಮೇಲೆ ಹಗಲಿನ ಲೋಡ್ ಅಳೆಯಿರಿ, ಅದಕ್ಕೆ ತಕ್ಕಷ್ಟು ಹಾಕಿಸಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ನಿಮ್ಮ ಕೊಟೇಶನ್ ಅದಕ್ಕಿಂತ ಹಿಂದಿನದಾದರೆ ಹೊಸದು ಕೇಳಿ.

ಇನ್ನು ಬ್ಯಾಂಕು. ಮ್ಯಾನೇಜರ್ ಮನೆ ಪತ್ರ ಕೇಳಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆ. ಅವರ ಕುರ್ಚಿಯಲ್ಲಿ ಕೂತು ಯೋಚಿಸಿ. ಲಾರಿ ಕೊಂಡರೆ ಕಂತು ತಪ್ಪಿದಾಗ ಎಳೆದುಕೊಂಡು ಹೋಗಬಹುದು. ಉಳಿಸಿದ ಯೂನಿಟ್ ಅನ್ನು ಹೇಗೆ ಎಳೆದುಕೊಂಡು ಹೋಗುವುದು? ಉಳಿತಾಯಕ್ಕೆ ಚಾಸಿ ನಂಬರ್ ಇರುವುದಿಲ್ಲ. ಇದಕ್ಕೆ ಎರಡು ಮದ್ದು ಇವೆ. ಒಂದು ಸಿಜಿಟಿಎಂಎಸ್ಇ ಎಂಬ ಟ್ರಸ್ಟ್ ಕೊಡುವ ಗ್ಯಾರಂಟಿ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಆಸ್ತಿ ಅಡವಿಲ್ಲದೆ ಕೊಡುವ ಸಾಲಕ್ಕೆ ಇದು ಆಸರೆ. 2025ರ ಏಪ್ರಿಲ್‌ನಿಂದ ಇದರ ಮಿತಿ 10 ಕೋಟಿ. ವರ್ಷಕ್ಕಿಷ್ಟು ಅಂತ ಶುಲ್ಕ ಬೀಳುತ್ತದೆ. ನೆನಪಿರಲಿ, ಗ್ಯಾರಂಟಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ಸಾಲ ನಿಮ್ಮದೇ.

ಎರಡನೆಯದು ಎನರ್ಜಿ ಆಡಿಟ್ ವರದಿ, ಅಂದರೆ ಕರೆಂಟ್ ಎಲ್ಲಿ ಪೋಲಾಗುತ್ತಿದೆ, ಎಷ್ಟು ಉಳಿಯಬಹುದು ಅಂತ ತಜ್ಞರು ಅಳೆದು ಬರೆದ ಕಾಗದ. ಕಣ್ಣಿಗೆ ಕಾಣದ ಉಳಿತಾಯವನ್ನು ಮ್ಯಾನೇಜರ್‌ಗೆ ಅದು ತೋರಿಸುತ್ತದೆ. ಇಲ್ಲಿ ನಿಮಗೆ ನಿಜಕ್ಕೂ ಒಂದು ಅವಕಾಶ ಇದೆ. ಫ್ರಿಜ್ ಮೇಲಿನ ಸ್ಟಾರ್ ಚೀಟಿಯ ಕೇಂದ್ರ ಸರ್ಕಾರಿ ಸಂಸ್ಥೆ ಬಿಇಇ ಇದೆಯಲ್ಲ, ಅದು 2025ರ ಜುಲೈನಲ್ಲಿ ಪಾಣಿಪತ್‌ನಲ್ಲಿ 1,000 ಕೋಟಿಯ ಒಂದು ಯೋಜನೆ ಶುರು ಮಾಡಿತು. ಇಂಗ್ಲಿಷ್ ಅಕ್ಷರಗಳನ್ನು ಹೇಗೋ ಜೋಡಿಸಿ 'ಅದಿತಿ' ಎಂದು ಓದುವ ಹಾಗೆ ಹೆಸರಿಟ್ಟಿದ್ದಾರೆ. ಕರೆಂಟು, ಇಂಧನ ಜಾಸ್ತಿ ಸುಡುವ 14 ಬಗೆಯ ಉದ್ದಿಮೆಗಳಿಗೆ ಇದು. ಫೌಂಡ್ರಿ ಆ ಪಟ್ಟಿಯಲ್ಲಿದೆ. ಕಿರು, ಸಣ್ಣ ಘಟಕದ ಸಾಲಕ್ಕೆ ಬಡ್ಡಿ ದರದಲ್ಲಿ ನೂರಕ್ಕೆ 5, ಮಧ್ಯಮ ಘಟಕಕ್ಕೆ 3 ಕಡಿತ. ಹೊಸ ಯಂತ್ರದಿಂದ ಕನಿಷ್ಠ ನೂರಕ್ಕೆ 10 ಇಂಧನ ಉಳಿಯಬೇಕು. ಆಡಿಟ್‌ಗೂ ಇದರಲ್ಲಿ ನೆರವು ಇದೆ. ಮೂರು ವರ್ಷದ ಯೋಜನೆ, 2027-28ಕ್ಕೆ ಮುಗಿಯುತ್ತದೆ. ಭಟ್ಟಿಗೆ ಯಾಂತ್ರಿಕ ಮುಚ್ಚಳ, ಹೊಸ ಕಂಪ್ರೆಸರ್, ಮರಳು ಉದುರಿಸುವ ಶಾಟ್ ಬ್ಲಾಸ್ಟ್ ಯಂತ್ರ ಎಲ್ಲ ಸೇರಿ 15 ಲಕ್ಷ ಸಾಲ ಆದರೆ ಮೊದಲ ವರ್ಷವೇ ಬಡ್ಡಿಯಲ್ಲಿ ಸುಮಾರು 70 ಸಾವಿರ ಉಳಿಯುತ್ತದೆ. ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಕಚೇರಿಗೆ ಹೋಗಿ ಅರ್ಜಿಯ ದಾರಿ ಕೇಳಿ. ಸಣ್ಣ ಉದ್ದಿಮೆಗಳ ಬ್ಯಾಂಕ್ ಸಿಡ್ಬಿಯವರ ಹತ್ತಿರವೂ ಇಂಧನ ಉಳಿತಾಯಕ್ಕೇ ಅಂತ ಸಾಲ ಇದೆ.

ಬಡ್ಡಿ ಕಡಿತ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಮನೆ ಸೋಲಾರ್ ದೀಪಕ್ಕೆ ಹೀಗೇ ಅಗ್ಗದ ಸಾಲ ಕೊಟ್ಟಿದ್ದವು. ಕಡಿತವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರೂ ಜನ ಸಾಲ ತೆಗೆದುಕೊಳ್ಳುವುದು ನಿಲ್ಲಲಿಲ್ಲ. ಆ ಕಾಲದ ಇನ್ನೊಂದು ಮಾತು ನಿಮಗೆ ಉಪಯೋಗಕ್ಕೆ ಬರುತ್ತದೆ. ಸೋಲಾರ್ ದೀಪದ ಕಂಪನಿ ಸೆಲ್ಕೋ ಕಟ್ಟಿದ ಹರೀಶ್ ಹಂದೆ ಅವರು ಬೀದಿ ವ್ಯಾಪಾರಿಯೊಬ್ಬರಿಂದ ಕಲಿತದ್ದನ್ನು ಹೇಳುತ್ತಿರುತ್ತಾರೆ: ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಸಲೀಸು. ಮೊತ್ತ ಒಂದೇ, ದುಡ್ಡು ಕೈಗೆ ಬರುವ ಲಯ ಬೇರೆ. ನಿಮ್ಮ ಲಯ ಯಾವುದು? ಬೆಳಗಾವಿ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾನೆಲ್ ಮೈಗಳ್ಳನಾಗುತ್ತದೆ, ಕಂತು ಆಗುವುದಿಲ್ಲ. ವರ್ಷದ ಸರಾಸರಿ ನೋಡಿ ಸಹಿ ಹಾಕಬೇಡಿ, ಆಗಸ್ಟ್ ತಿಂಗಳ ಯೂನಿಟ್ ನೋಡಿ ಹಾಕಿ.

ಸಾಲವೋ, ಕಂಪನಿಯದೇ ಪ್ಯಾನೆಲ್ಲೋ? ಲಾಭದ ಮೇಲೆ ತೆರಿಗೆ ಕಟ್ಟುತ್ತಿದ್ದರೆ ಸ್ವಂತದ್ದೇ ಮೇಲು. ಸೋಲಾರ್‌ಗೆ ವರ್ಷಕ್ಕೆ ನೂರಕ್ಕೆ 40 ಸವಕಳಿ ತೋರಿಸಬಹುದು, ಅಷ್ಟು ಲಾಭಕ್ಕೆ ತೆರಿಗೆ ತಪ್ಪುತ್ತದೆ. ಅಕ್ಟೋಬರ್ ಮೊದಲ ದಿನಗಳೊಳಗೆ ಚಾಲೂ ಆಗಬೇಕು. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ. ಲಾಭವೇ ತೆಳುವಾಗಿದ್ದರೆ ಸವಕಳಿ ಇದ್ದೂ ಪ್ರಯೋಜನವಿಲ್ಲ, ಆಗ ಯೂನಿಟ್ ಲೆಕ್ಕದ ದಾರಿ ನೋಡಿ. ಒಪ್ಪಂದ ಓದಿಕೊಳ್ಳಿ. ನಮ್ಮ ಪತ್ರಿಕೆಯ ಪ್ರೆಸ್‌ಗೆ ಹೀಗೇ ಕಂಪನಿಯ ಪ್ಯಾನೆಲ್ ಹಾಕಿಸುವಾಗ ನಾವು ಓದಲಿಲ್ಲ. ಮೊದಲ ವರ್ಷದ ದರ ಕಂಡು ಖುಷಿಯಿಂದ ಸಹಿ ಹಾಕಿದೆವು. ಹದಿನೇಳನೇ ಪುಟದಲ್ಲಿ ದರ ವರ್ಷಕ್ಕೆ ನೂರಕ್ಕೆ 3 ಏರುತ್ತದೆ ಅಂತಿತ್ತು. ನಡುವೆ ಬಿಡುವಂತೆಯೂ ಇಲ್ಲ. ಆ ಪುಟ ಈಗ ನನ್ನ ಮೇಜಿನ ಗಾಜಿನ ಕೆಳಗಿದೆ.

ಕೊನೆಗೆ ಚಾವಣಿ. ಹಳೇ ಸಿಮೆಂಟ್ ಶೀಟ್ ಮೇಲೆ ಪ್ಯಾನೆಲ್ ಕೂರಿಸಬೇಡಿ, ತೊಳೆಯಲು ಹತ್ತಿದವನು ಶೀಟ್ ಒಡೆದು ಕೆಳಗೆ ಬೀಳುತ್ತಾನೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಟ್ರಸ್ ತೋರಿಸಿ. ಶೀಟ್ ಬದಲಿಸಬೇಕು ಎಂದರೆ ಆ ಖರ್ಚನ್ನೂ ಸೇರಿಸಿಯೇ ಬ್ಯಾಂಕ್ ಮುಂದೆ ಅರ್ಜಿ ಇಡಿ. ಅರ್ಧ ಕೆಲಸ ಆದ ಮೇಲೆ ಇನ್ನೊಂದು ಸಾಲ ಕೇಳಲು ಹೋದರೆ ಮ್ಯಾನೇಜರ್ ಮತ್ತೆ ಮನೆ ಪತ್ರವನ್ನೇ ಕೇಳುತ್ತಾರೆ.

— ಸಂಪಾದಕ