ಬಂಗುಡೆ ರೇಟೂ ಸರ್ಕಾರದ ಕಿವಿಯೂ

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತೇನೆ. ರೇಟೆಲ್ಲ ವಾಟ್ಸಾಪ್‌ನಲ್ಲೇ ಕಳಿಸುವುದು. ನೆಟ್ ಕೊಡುವವರು, ಸರ್ಕಾರದವರು ಓದಬಹುದಾ? ವಿಪಿಎನ್ (ನೆಟ್ ಬಳಕೆ ಮರೆಮಾಡುವ ಸೇವೆ) ಹಾಕಲಾ?

ಉತ್ತರ: ಬಂಗುಡೆ ರೇಟಿನ ಗುಟ್ಟು ನನಗೂ ಗೊತ್ತು, ನಮ್ಮಪ್ಪ ದೋಣಿಯವರು! ಸಂದೇಶಕ್ಕೆ ನಿಮ್ಮ ಫೋನಿನಲ್ಲೇ ಬೀಗ ಬೀಳುತ್ತದೆ, ಅದರ ಕೀಲಿ ಪಡೆಯುವವರ ಫೋನಿನಲ್ಲಿರುತ್ತದೆ, ವಾಟ್ಸಾಪ್ ಕಂಪನಿಯ ಬಳಿ ಅಲ್ಲ. ನೀವು ವಾಟ್ಸಾಪ್ ಬಳಸುತ್ತಿದ್ದೀರಿ ಅನ್ನುವುದಷ್ಟೇ ನೆಟ್‌ನವರಿಗೆ ತಿಳಿಯುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಸೆಕ್ಷನ್ನಿನಲ್ಲಿ ಸರ್ಕಾರ ‘ಬೀಗ ತೆಗೆದುಕೊಡಿ’ ಎನ್ನಬಹುದು. ಒಪ್ಪದಿದ್ದರೆ 7 ವರ್ಷದವರೆಗೆ ಜೈಲು. ಆದರೆ ಕೀಲಿಯೇ ಇಲ್ಲದ ಕಂಪನಿ ಏನು ಕೊಡುತ್ತದೆ? ಜಗಳ ಇರುವುದೇ ಅಲ್ಲಿ.

ವಿಪಿಎನ್‌ನವರು ಗ್ರಾಹಕರ ಹೆಸರು, ವಿಳಾಸವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಆದೇಶವಾಯಿತು. ಕೆಲವು ಕಂಪನಿಗಳು ತಮ್ಮ ಸರ್ವರ್ ಕಂಪ್ಯೂಟರುಗಳನ್ನೇ ದೇಶದಿಂದ ಎತ್ತಿಕೊಂಡು ಹೋದವು. ನಿಮಗೆ ವಿಪಿಎನ್ ಸುಮ್ನೆ ಖರ್ಚು. ಚಾಟ್ ಬ್ಯಾಕಪ್‌ಗೆ (ನೆಟ್‌ನಲ್ಲಿ ಉಳಿಸಿಟ್ಟ ಚಾಟ್‌ನ ಪ್ರತಿಗೆ) ಬೀಗ ಹಾಕಿದ್ದೀರಾ, ಮೊದಲು ಸೆಟ್ಟಿಂಗ್ಸ್ ತೆಗೆದು ನೋಡಿ.