ಹಳೆಯ ಜಿಎಂಸಿ ಮೋಟರ್‌ಹೋಮ್‌ನ 455 ಎಂಜಿನ್: ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದರೆ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು ಅಂತ ನನಗೆ ಅರ್ಥವಾಯಿತು. 1975ರ ಜಿಎಂಸಿ ಮೋಟರ್‌ಹೋಮ್, ಅಂದರೆ ಒಳಗೇ ವಾಸಿಸಬಹುದಾದ ಗಾಡಿ, ಕೊಂಡಿದ್ದೀರಿ. ಎಂಟು ಸಿಲಿಂಡರ್‌ನ ಓಲ್ಡ್ಸ್‌ಮೊಬೀಲ್ 455 ಎಂಜಿನ್. ಕೂಲಂಟ್ ಮೆಲ್ಲಗೆ ಕಡಿಮೆಯಾಗುತ್ತಿದೆ. 3 ಮತ್ತು 5ನೇ ಸಿಲಿಂಡರ್‌ಗಳಲ್ಲಿ ಕಂಪ್ರೆಶನ್ ಕಮ್ಮಿ. ಎಂಜಿನ್ ಹೊರಗೆ ತೆಗೆಯದೆ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ, ವಾಲ್ವ್‌ಗಳಿರುವ ಭಾಗ) ಬಿಚ್ಚಬಹುದಾ, ಬಿಚ್ಚಿದ ಮೇಲೆ ಅದರ ಕೆಳಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಸಾಕಾ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಹೌದು, ಬಿಚ್ಚಬಹುದು. ಎರಡನೆಯದಕ್ಕೆ: ಸಾಲುವುದು ಅಪರೂಪ. ನಾನು ಇದೇ ಮಾದರಿಯ ಗಾಡಿ ಇಟ್ಟುಕೊಂಡು, ಅದರ ಎರಡೂ ಹೆಡ್‌ಗಳನ್ನು ಬಿಚ್ಚಿ ಮಷೀನ್ ಶಾಪ್‌ನಲ್ಲಿ ಕೆಲಸ ಮಾಡಿಸಿ ಮತ್ತೆ ಕೂರಿಸಿದವನು. ಹೆಡ್ ಬಿಚ್ಚುವುದು ದೊಡ್ಡ ವಿಷಯವೇ ಅಲ್ಲ. ಕ್ಯಾಮ್ ತಿರುಗಿದಾಗ ಲಿಫ್ಟರ್ ಮೇಲೇಳುತ್ತದೆ, ಅದು ಪುಶ್ ರಾಡ್ ಅನ್ನು ತಳ್ಳುತ್ತದೆ, ಪುಶ್ ರಾಡ್ ರಾಕರ್ ಅನ್ನು ಆಡಿಸಿ ವಾಲ್ವ್ ತೆರೆಸುತ್ತದೆ. ವಾಪಸ್ ಹಾಕುವಾಗ ಈ ಮೂರರ ನಡುವಿನ ಅಳತೆ ಸರಿ ಬರಬೇಕು. ಈ ಎಂಜಿನ್‌ನಲ್ಲಿ ಕೆಲಸ ಕೆಡುವುದು ಅಲ್ಲಿಯೇ. ಅದನ್ನು ಕೆಳಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಮಾತು. ಕೂಲಂಟ್ ಹೋಗುತ್ತಿದೆ ಅಂದ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಮೇಲೆ ಆರೋಪ ಹಾಕಬೇಡಿ. ಈ ಗಾಡಿಯಲ್ಲಿ ಸ್ನಾನದ ನೀರು ಕಾಯಿಸುವ ಹೀಟರ್‌ಗೂ ಎಂಜಿನ್ ಕೂಲಂಟ್ ಹೋಗುತ್ತದೆ. ಅದಕ್ಕಾಗಿ ಮುಂದಿನಿಂದ ಹಿಂದಿನವರೆಗೆ ಉದ್ದಕ್ಕೆ ಹೋಸ್ ಓಡಿರುತ್ತದೆ. ಅಲ್ಲೆಲ್ಲೋ ಒಂದು ಕ್ಲ್ಯಾಂಪ್ ಸಡಿಲವಾಗಿದ್ದರೂ ರೇಡಿಯೇಟರ್ ಖಾಲಿಯಾಗುತ್ತಾ ಬರುತ್ತದೆ. ಪ್ರೆಶರ್ ಟೆಸ್ಟರ್ ಹಾಕಿ, ಆ ಹೋಸ್‌ನ ಇಡೀ ದಾರಿಯನ್ನು ಒಮ್ಮೆ ನೋಡಿಬಿಡಿ.

ಆಮೇಲೆ ಲೀಕ್‌ಡೌನ್ ಟೆಸ್ಟ್, ಅಂದರೆ ಪ್ಲಗ್ ತೂತಿನಿಂದ ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ನೋಡುವುದು. ಕಂಪ್ರೆಶನ್ ಗೇಜ್ 'ಕಮ್ಮಿ ಇದೆ' ಅಂತ ಮಾತ್ರ ಹೇಳುತ್ತದೆ. ಜಿಎಂನ ಹಳೆಯ ಲೆಕ್ಕದ ಪ್ರಕಾರ ಅತಿ ಕಡಿಮೆ ಇರುವ ಸಿಲಿಂಡರ್, ಅತಿ ಹೆಚ್ಚಿರುವುದರ 70 ಶೇಕಡಾಕ್ಕಿಂತ ಕೆಳಗೆ ಇಳಿಯಬಾರದು. ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದನ್ನು ಲೀಕ್‌ಡೌನ್ ಹೇಳುತ್ತದೆ. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಗಾಳಿ ತುಂಬಿ. ಕಾರ್ಬ್ಯುರೇಟರ್‌ನಲ್ಲಿ ಸಿಳ್ಳೆ ಕೇಳಿದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಪಕ್ಕದ ಸಿಲಿಂಡರ್‌ನ ಪ್ಲಗ್ ತೂತಿನಿಂದ ಗಾಳಿ ಬಂದರೆ ಆ ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಈ ಎಂಜಿನ್‌ನಲ್ಲಿ ಡ್ರೈವರ್ ಕಡೆ 1-3-5-7, ಆ ಕಡೆ 2-4-6-8. ನಿಮ್ಮ 3 ಮತ್ತು 5 ಅಕ್ಕಪಕ್ಕದವು. ಹಾಗಾಗಿ ನನ್ನ ಅನುಮಾನವೂ ಗ್ಯಾಸ್ಕೆಟ್ ಮೇಲೆಯೇ. ಆದರೂ ಟೆಸ್ಟ್ ಮಾಡಿ. ರಿಂಗ್‌ಗಳೇ ಹೋಗಿದ್ದರೆ ಹೆಡ್‌ಗೆ ಖರ್ಚು ಮಾಡುವ ಮೊದಲು ಯೋಚಿಸಬೇಕಾಗುತ್ತದೆ.

ಇನ್ನು ಬಿಚ್ಚುವ ಕೆಲಸ. ಎಂಜಿನ್ ಇರುವುದು ಮುಂದಿನ ಸೀಟುಗಳ ಹತ್ತಿರ, ನೆಲದ ಮುಚ್ಚಳದ ಕೆಳಗೆ. ಮುಚ್ಚಳ ತೆಗೆದರೆ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಕೈಗೆ ಸಿಗುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆಯ ಕೆಲಸ ಅರ್ಧ ಮೇಲಿನಿಂದ, ಅರ್ಧ ಮುಂದಿನ ಚಕ್ರದ ಗೂಡಿನ ಕಡೆಯಿಂದ. ಅದರ ಬೋಲ್ಟ್‌ಗಳು ಐವತ್ತು ವರ್ಷ ಬೆಂದು ಕೂತಿರುತ್ತವೆ. ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಜಗ್ಗದಿದ್ದರೆ ಬಿಸಿ ಮಾಡಿ. ತಿರುಗಿಸುವಾಗ ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಒಂದು ಬೋಲ್ಟ್ ಹೆಡ್‌ನೊಳಗೆ ಮುರಿದರೂ ಗಾಬರಿ ಬೇಡ, ಹೆಡ್ ಹೇಗೂ ಮಷೀನ್ ಶಾಪ್‌ಗೆ ಹೋಗುತ್ತಿದೆ, ಅಲ್ಲಿಯೇ ತೆಗೆಯುತ್ತಾರೆ. ಮ್ಯಾನಿಫೋಲ್ಡ್‌ನಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಈ ಗಾಡಿಗಳಲ್ಲಿ ಅದು ಮಾಮೂಲಿ ಕಾಯಿಲೆ.

ಎಸಿ ಕಂಪ್ರೆಸರ್ ಅನ್ನು ಹೋಸ್ ಬಿಚ್ಚದೆ, ಬ್ರ್ಯಾಕೆಟ್‌ನಿಂದ ಸಡಿಲಿಸಿ ಪಕ್ಕಕ್ಕೆ ಕಟ್ಟಿಡಿ. ಡಿಸ್ಟ್ರಿಬ್ಯೂಟರ್ ಎತ್ತುವ ಮೊದಲು 1ನೇ ಸಿಲಿಂಡರ್ ಅನ್ನು ಕಂಪ್ರೆಶನ್ ಸ್ಟ್ರೋಕ್‌ನ ತುದಿಗೆ ತಂದು, ರೋಟರ್ ಎತ್ತ ನೋಡುತ್ತಿದೆ ಅಂತ ಗುರುತು ಹಾಕಿ. ಫೈರಿಂಗ್ ಆರ್ಡರ್ 1-8-4-3-6-5-7-2. ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಚೆವಿ (ಶೆವ್ರೊಲೆ) ಎಂಜಿನ್ ಮಾಡಿ ಅಭ್ಯಾಸ ಇರುವವರು ಇಲ್ಲಿ ವೈರ್‌ಗಳನ್ನು ಉಲ್ಟಾ ಹಾಕಿಬಿಡುತ್ತಾರೆ.

ಕೂಲಂಟ್ ಅನ್ನು ರೇಡಿಯೇಟರ್‌ನಿಂದ ಮಾತ್ರ ಅಲ್ಲ, ಬ್ಲಾಕ್‌ನ ಎರಡೂ ಬದಿಯ ಡ್ರೇನ್ ಪ್ಲಗ್‌ನಿಂದಲೂ ಇಳಿಸಿ. ಇಲ್ಲದಿದ್ದರೆ ಹೆಡ್ ಎತ್ತಿದ ಕೂಡಲೇ ಅದು ಸಿಲಿಂಡರ್‌ಗೆ ಸುರಿಯುತ್ತದೆ. ಪುಶ್ ರಾಡ್, ರಾಕರ್, ಲಿಫ್ಟರ್ ಎಲ್ಲವೂ ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು. ಒಂದು ರಟ್ಟಿಗೆ ತೂತು ಕೊರೆದು ನಂಬರ್ ಬರೆದು ಚುಚ್ಚಿಡಿ. ಲಿಫ್ಟರ್ ವಿಷಯದಲ್ಲಂತೂ ರಾಜಿ ಬೇಡ. ಇದು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್, ಲಿಫ್ಟರ್‌ನ ತಳ ನೇರವಾಗಿ ಕ್ಯಾಮ್ ಮೇಲೆಯೇ ಉಜ್ಜುತ್ತದೆ. ಒಂದೊಂದು ಲಿಫ್ಟರ್ ಕ್ಯಾಮ್‌ನ ತನ್ನದೇ ಉಬ್ಬಿಗೆ, ಅಂದರೆ ಲೋಬ್‌ಗೆ, ಹೊಂದಿಕೊಂಡು ಸವೆದಿರುತ್ತದೆ, ಅದಲು ಬದಲಾದರೆ ಕ್ಯಾಮ್ ಹೋಗುತ್ತದೆ.

ಹೆಡ್ ಎರಕದ ಕಬ್ಬಿಣದ್ದು. ಒಬ್ಬರೇ ಬಗ್ಗಿ ಎತ್ತಬೇಡಿ. ನೆಲದ ಮುಚ್ಚಳದ ತೂತಿನ ಮೇಲೆ ಒಂದು ಸಣ್ಣ ಹಾಯ್ಸ್ಟ್ ಕಟ್ಟಿಕೊಳ್ಳಿ, ಅಥವಾ ಇಬ್ಬರು ಸೇರಿ ಎತ್ತಿ.

ಎತ್ತಿದ ಮೇಲೆ ಗ್ಯಾಸ್ಕೆಟ್ ಅನ್ನು ಬಿಸಾಡಬೇಡಿ, ಬೆಳಕಿಗೆ ಹಿಡಿದು ನೋಡಿ. 3 ಮತ್ತು 5ರ ನಡುವಿನ ಸೇತುವೆ ಕಪ್ಪಾಗಿ ತಿಂದುಹೋಗಿದ್ದರೆ ಮೂಲ ಸಿಕ್ಕಿತು. ಆದರೆ ಅಲ್ಲಿ ಯಾಕೆ ಸುಟ್ಟಿತು ಅನ್ನುವುದೇ ಮುಖ್ಯ. ಹೆಡ್ ಡೊಂಕಾಗಿರಬಹುದು, ಬ್ಲಾಕ್ ಮೇಲ್ಮೈ ತಗ್ಗಾಗಿರಬಹುದು, ಎಂಜಿನ್ ಒಮ್ಮೆ ವಿಪರೀತ ಬಿಸಿಯಾಗಿರಬಹುದು. ನೇರ ಪಟ್ಟಿ, ಫೀಲರ್ ಗೇಜ್ ತೆಗೆದುಕೊಂಡು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ. ಆರು ಇಂಚಿನಲ್ಲಿ 3 ಥೌಗಿಂತ ಜಾಸ್ತಿ ಸಂದು ಕಂಡರೆ ಮೇಲ್ಮೈ ಕೆತ್ತಿಸಬೇಕು. ಥೌ ಅಂದರೆ ಒಂದು ಇಂಚಿನ ಸಾವಿರ ಭಾಗದಲ್ಲಿ ಒಂದು ಭಾಗ. ಮುಂದೆ ಅದೇ ಲೆಕ್ಕದಲ್ಲಿ ಹೇಳುತ್ತೇನೆ.

ಬ್ಲಾಕ್ ಮೇಲೆ ಹಳೆಯ ಗ್ಯಾಸ್ಕೆಟ್ ಕೆರೆಯಲು ಡ್ರಿಲ್‌ಗೆ ಹಾಕುವ ಒರಟು ನಾರಿನ ಡಿಸ್ಕ್ ಬಳಸಬೇಡಿ. ಅದರ ಉಜ್ಜುಪುಡಿ ಕಣ್ಣಿಗೆ ಕಾಣದ ಹಾಗೆ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಸ್ಕ್ರೇಪರ್ ಬ್ಲೇಡ್, ಗ್ಯಾಸ್ಕೆಟ್ ಕರಗಿಸುವ ದ್ರವ ಮತ್ತು ತಾಳ್ಮೆ ಸಾಕು.

ಮಷೀನ್ ಶಾಪ್‌ಗೆ ಕೊಡುವಾಗ 'ವಾಲ್ವ್ ಜಾಬ್ ಮಾಡಿ' ಅಂತ ಒಂದೇ ಮಾತು ಹೇಳಿ ಬರಬೇಡಿ. ಮೊದಲು ತೊಳೆದು ಮ್ಯಾಗ್ನೆಟಿಕ್ ಟೆಸ್ಟ್ ಮಾಡಿ ಬಿರುಕು ನೋಡಲಿ. ಬಿರುಕು ಬಿಟ್ಟ ಹೆಡ್ ಮೇಲೆ ಬೇರೆ ಕೆಲಸ ಮಾಡಿಸಿದರೆ ದುಡ್ಡು ದಂಡ. ಆಮೇಲೆ ಗೈಡ್, ಅಂದರೆ ವಾಲ್ವ್ ಕಾಂಡ ಓಡಾಡುವ ತೂತು. ಈ ಹೆಡ್‌ನಲ್ಲಿ ಗೈಡ್ ಬೇರೆ ತುಂಡಲ್ಲ, ಎರಕದ ಭಾಗವೇ. ಸವೆದಿದ್ದರೆ ಕೊರೆದು ಕಂಚಿನ ಲೈನರ್ ಹಾಕಬಹುದು, ಅಥವಾ ದಪ್ಪ ಕಾಂಡದ ವಾಲ್ವ್ ಹಾಕಬಹುದು. ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬಂದು ಆಮೇಲೆ ನಿಲ್ಲುತ್ತಿದ್ದರೆ ಗೈಡ್ ಅಥವಾ ಸೀಲ್ ಸವೆದಿರುವ ಸಾಧ್ಯತೆ ಜಾಸ್ತಿ.

ಎಕ್ಸಾಸ್ಟ್ ಕಡೆ ಗಟ್ಟಿ ಸೀಟ್ (ವಾಲ್ವ್ ಮುಚ್ಚಿ ಕೂರುವ ಜಾಗ) ಹಾಕಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಸೀಸ ಇರುವ ಪೆಟ್ರೋಲ್ ಅನ್ನು ಅಮೆರಿಕದ ರಸ್ತೆ ವಾಹನಗಳಿಗೆ 1996ರ ಜನವರಿ 1ರಿಂದ ಪೂರ್ತಿ ನಿಷೇಧಿಸಿದರು. ಸೀಸ ಇಲ್ಲದೆ ಮೆತ್ತನೆಯ ಸೀಟ್ ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಅದರಲ್ಲೂ ಭಾರ ಹೊತ್ತು ಗಂಟೆಗಟ್ಟಲೆ ಓಡುವ ಎಂಜಿನ್‌ನಲ್ಲಿ. ಸುಮಾರು ಐದು ಟನ್ ಗಾಡಿಯನ್ನು ಎಳೆಯುವ ಎಂಜಿನ್ ಇದು, ಕಾರಿನ ಹಾಗೆ ಹಗುರವಾಗಿ ಓಡುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಹೆಡ್ ಬಿಚ್ಚಿದ್ದಾಯ್ತು, ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಹಾಕಿಸಿ. ಇನ್‌ಟೇಕ್ ಸೀಟ್ ಚೆನ್ನಾಗಿದ್ದರೆ ಹಾಗೇ ಬಿಡಿ. ಸ್ಪ್ರಿಂಗ್‌ಗಳ ಒತ್ತಡ ಅಳೆಸಿ, ಮೆತ್ತಗಾಗಿದ್ದರೆ ಪೂರ್ತಿ ಸೆಟ್ ಬದಲಿಸಿ.

ಈಗ ಮೊದಲು ಹೇಳಿದ ಅಳತೆಗೆ ಬರೋಣ. ಚೆವಿ ಎಂಜಿನ್‌ನಲ್ಲಿ ರಾಕರ್ ಮೇಲೆ ಅಡ್ಜಸ್ಟ್ ಮಾಡುವ ನಟ್ ಇರುತ್ತದೆ. ಎಷ್ಟು ಬೇಕೋ ಅಷ್ಟು ಬಿಗಿ ಮಾಡಿ ಲಿಫ್ಟರ್ ಸರಿ ಮಾಡಿಕೊಳ್ಳಬಹುದು. ಓಲ್ಡ್ಸ್ ಎಂಜಿನ್‌ನಲ್ಲಿ ಅದಿಲ್ಲ. ಎರಡೆರಡು ರಾಕರ್‌ಗಳು ಒಂದು ಪಿವಟ್ ಮೇಲೆ ಕೂತಿರುತ್ತವೆ. ಪಿವಟ್ ಬೋಲ್ಟ್ ಅನ್ನು ಪೂರ್ತಿ ಬಿಗಿ ಮಾಡುವುದಷ್ಟೇ ನಿಮ್ಮ ಕೆಲಸ. ಹೈಡ್ರಾಲಿಕ್ ಲಿಫ್ಟರ್‌ನ ಪ್ಲಂಜರ್ (ಆಯಿಲ್ ಮೇಲೆ ಕೂತಿರುವ ಒಳಗಿನ ಭಾಗ) ಎಷ್ಟು ಒತ್ತಿಕೊಳ್ಳುತ್ತದೆ, ಅಂದರೆ ಪ್ರಿಲೋಡ್ ಎಷ್ಟು ಅನ್ನುವುದನ್ನು ಪುಶ್ ರಾಡ್ ಉದ್ದ ಮತ್ತು ಹೆಡ್‌ನ ಎತ್ತರವೇ ತೀರ್ಮಾನ ಮಾಡುತ್ತವೆ.

ಹಾಗಾದರೆ ಮಷೀನ್ ಶಾಪ್ ಏನು ಮಾಡಿತು ನೋಡಿ. ಹೆಡ್ ಮೇಲ್ಮೈಯಿಂದ 10 ಥೌ ಕೆತ್ತಿದರೆ ಇಡೀ ಹೆಡ್ 10 ಥೌ ಕೆಳಗೆ ಕೂರುತ್ತದೆ, ರಾಕರ್ ಅಷ್ಟೇ ಕೆಳಗೆ ಬಂದು ಪ್ಲಂಜರ್ ಅನ್ನು 10 ಥೌ ಜಾಸ್ತಿ ಒತ್ತುತ್ತದೆ. ಸೀಟ್, ವಾಲ್ವ್ ಉಜ್ಜಿದ್ದರಿಂದ ವಾಲ್ವ್ ತುದಿ 16 ಥೌ ಮೇಲೆದ್ದರೆ, ರಾಕರ್ ಅನುಪಾತ 1.6 ಆದ್ದರಿಂದ ಪುಶ್ ರಾಡ್ ಕಡೆ 10 ಥೌ ಒತ್ತು ಬೀಳುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿ ಸೇರಿಕೊಂಡು 20 ಥೌ ಆಯಿತು. ಹಳೆಯ ತೆಳು ಉಕ್ಕಿನ ಗ್ಯಾಸ್ಕೆಟ್ ಬದಲು 20 ಥೌ ದಪ್ಪ ಜಾಸ್ತಿ ಇರುವ ಗ್ಯಾಸ್ಕೆಟ್ ಹಾಕಿದರೆ ಹೆಡ್ ಅಷ್ಟು ಮೇಲೆದ್ದು, ಈ 20 ಥೌ ಅಳಿದುಹೋಗುತ್ತದೆ. ಕೆತ್ತಿಸದೆ, ಸೀಟ್ ಮುಟ್ಟದೆ ಅದೇ ದಪ್ಪ ಗ್ಯಾಸ್ಕೆಟ್ ಹಾಕಿದರೆ ಒತ್ತು ಕಡಿಮೆಯಾಗಿ ಟಕಟಕ ಸದ್ದು ಶುರುವಾಗಬಹುದು.

ಒತ್ತು ವಿಪರೀತ ಜಾಸ್ತಿಯಾದರೆ ಇನ್ನೂ ಕೆಟ್ಟದ್ದು. ಪ್ಲಂಜರ್ ತಳ ಮುಟ್ಟಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸದ್ದೇನೂ ಬರುವುದಿಲ್ಲ. ಆದರೆ ಕಂಪ್ರೆಶನ್ ಬರುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. 'ಹೆಡ್ ಎಲ್ಲ ಹೊಸದು ಮಾಡಿಸಿದೆ, ಆದರೂ ಎಂಜಿನ್ ನಡುಗುತ್ತದೆ' ಅನ್ನುವ ದೂರು ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ, ಪ್ರಿಲೋಡ್ ಅಳೆದಿರಾ ಅಂತ.

ಅಳೆಯುವುದು ಕಷ್ಟವಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಹಾಕುವ ಮೊದಲು ಮಾಡಿ, ಆಗ ಲಿಫ್ಟರ್‌ಗಳು ಕಣ್ಣೆದುರೇ ಇರುತ್ತವೆ. ಅಳೆಯುವ ವಾಲ್ವ್‌ನ ಲಿಫ್ಟರ್ ಕ್ಯಾಮ್‌ನ ತಗ್ಗು ಭಾಗದಲ್ಲಿ ಇರುವ ಹಾಗೆ ಎಂಜಿನ್ ತಿರುಗಿಸಿ. ಪಿವಟ್ ಬಿಗಿ ಮಾಡಿ ಸ್ವಲ್ಪ ಹೊತ್ತು ಬಿಡಿ, ಲಿಫ್ಟರ್ ಒಳಗಿನ ಆಯಿಲ್ ಜಾರಿ ಪ್ಲಂಜರ್ ತನ್ನ ಜಾಗಕ್ಕೆ ಬರಲಿ. ಈಗ ಲಿಫ್ಟರ್ ಬಾಯಲ್ಲಿರುವ ಕ್ಲಿಪ್‌ಗೂ ಪುಶ್ ರಾಡ್ ಕೂರುವ ಕಪ್‌ಗೂ ನಡುವೆ ಎಷ್ಟು ಸಂದು ಬಂತು ಅಂತ ತಂತಿ ತೂರಿಸಿ ಅಳೆಯಿರಿ. 20ರಿಂದ 60 ಥೌ ನಡುವೆ ಇದ್ದರೆ ನಿಶ್ಚಿಂತೆ. ಹೊರಗಿದ್ದರೆ ಬೇರೆ ಉದ್ದದ ಪುಶ್ ರಾಡ್ ತರಿಸಿ. ಒತ್ತು ಜಾಸ್ತಿ ಇದ್ದಾಗ ಪಿವಟ್ ಕೆಳಗೆ ಶಿಮ್ ಇಟ್ಟೂ ಸರಿ ಮಾಡುತ್ತಾರೆ, ಆದರೆ ಸರಿಯಾದ ಉದ್ದದ ಪುಶ್ ರಾಡ್ ನನಗೆ ಹೆಚ್ಚು ನಂಬಿಕೆಯದು. ಎಲ್ಲ 16 ವಾಲ್ವ್‌ಗೂ ಅಳೆಯಿರಿ. ಒಂದು ಸೀಟ್ ಹೊಸದು, ಪಕ್ಕದ್ದು ಹಳೆಯದು ಅಂದರೆ ಎತ್ತರ ಒಂದೇ ಇರುವುದಿಲ್ಲ. ತುದಿಗಳ ಎತ್ತರ ಸರಿಸಮ ಮಾಡಿಕೊಡಿ ಅಂತ ಮಷೀನ್ ಶಾಪ್‌ನವರಿಗೆ ಮೊದಲೇ ಹೇಳಿದರೆ ನಿಮ್ಮ ತಲೆನೋವು ಅರ್ಧ ಕಡಿಮೆ.

ಹೆಡ್ ಕೂರಿಸುವಾಗ ಬೋಲ್ಟ್ ತೂತುಗಳಲ್ಲಿ ಕೂಲಂಟ್, ಕಸ ಇರಬಾರದು. ಗಾಳಿ ಊದಿ, ತೂತಿನೊಳಗಿನ ಥ್ರೆಡ್‌ಗಳನ್ನು ಥ್ರೆಡ್ ಚೇಸರ್‌ನಿಂದ ಸ್ವಚ್ಛ ಮಾಡಿ. ಬೋಲ್ಟ್‌ಗಳನ್ನು ಎಂಜಿನ್ ಆಯಿಲ್‌ನಲ್ಲಿ ಅದ್ದಿ ಹಾಕಬೇಕು, ಟಾರ್ಕ್ ಲೆಕ್ಕ ಆಯಿಲ್ ಹಚ್ಚಿದ ಬೋಲ್ಟ್‌ನದು. 455ಕ್ಕೆ 85 ಫೂಟ್-ಪೌಂಡ್. ನಡುವಿನಿಂದ ಶುರು ಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ. 1977ರಿಂದ ಈ ಗಾಡಿಗಳಿಗೆ ಬಂದ 403 ಎಂಜಿನ್‌ನ ಲೆಕ್ಕ ಬೇರೆ, ಎರಡನ್ನೂ ಬೆರೆಸಬೇಡಿ. ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲೇ ಇರಲಿ. ರಾಕರ್ ಪಿವಟ್‌ಗೆ 25 ಫೂಟ್-ಪೌಂಡ್. ಅದರ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅವಸರ ಮಾಡಿದರೆ ಲಿಫ್ಟರ್ ಇಳಿಯುವ ಮೊದಲೇ ಪುಶ್ ರಾಡ್ ಬಾಗುತ್ತದೆ.

ಇನ್‌ಟೇಕ್ ಕೆಳಗೆ, ಎರಡು ಹೆಡ್‌ಗಳ ನಡುವಿನ ಇಡೀ ಕಣಿವೆ ಮುಚ್ಚುವ ತಗಡಿನ ಗ್ಯಾಸ್ಕೆಟ್ ಬರುತ್ತದೆ. ನಾಲ್ಕು ಮೂಲೆಗಳಲ್ಲಿ ಸಿಲಿಕೋನ್ ಹಚ್ಚಲು ಮರೆಯಬೇಡಿ, ಆಯಿಲ್ ಸೋರುವುದು ಅಲ್ಲಿಂದಲೇ. ಹೆಡ್ ತುಂಬಾ ಕೆತ್ತಿಸಿದ್ದರೆ ಮ್ಯಾನಿಫೋಲ್ಡ್ ಬೋಲ್ಟ್ ತೂತುಗಳು ಸಾಲಿಗೆ ಬರುವುದಿಲ್ಲ. ಆಗ ಮ್ಯಾನಿಫೋಲ್ಡ್ ಬದಿಯನ್ನೂ ಕೆತ್ತಿಸಬೇಕು, ಬೋಲ್ಟ್ ಬಲವಂತವಾಗಿ ತಿರುಗಿಸಬೇಡಿ.

ಕ್ಯಾಮ್ ಗೇರ್ ಇನ್ನೂ ಕಾರ್ಖಾನೆಯದ್ದೇ ಆಗಿದ್ದರೆ ಅದರ ಹಲ್ಲುಗಳು ನೈಲಾನ್‌ನವು. ಇಷ್ಟು ವರ್ಷಕ್ಕೆ ಅವು ಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಸೇರುತ್ತವೆ. ಇಷ್ಟೆಲ್ಲ ಬಿಚ್ಚಿದ್ದೀರಿ, ಟೈಮಿಂಗ್ ಚೈನ್ ಸೆಟ್ ಮತ್ತು ವಾಟರ್ ಪಂಪ್ ಬದಲಿಸಿಯೇ ಮುಚ್ಚಿ ಅನ್ನುತ್ತೇನೆ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್, ಫಿಲ್ಟರ್ ಬದಲಿಸಿ. ಡಿಸ್ಟ್ರಿಬ್ಯೂಟರ್ ಹಾಕುವ ಮುಂಚೆ ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ, ಇದೂ ಗಡಿಯಾರಕ್ಕೆ ವಿರುದ್ಧ ದಿಕ್ಕು. ರಾಕರ್‌ಗಳಿಗೆಲ್ಲ ಆಯಿಲ್ ಏರುವವರೆಗೆ ಬಿಡಬೇಡಿ. ಹಳೆಯ ಫ್ಲ್ಯಾಟ್ ಟ್ಯಾಪೆಟ್‌ಗೆ ಸತು ಜಾಸ್ತಿ ಇರುವ ಆಯಿಲ್ ಹಾಕಿ. ಕ್ಯಾಬಿನ್ ಹೀಟರ್ ಪೂರ್ತಿ ತೆರೆದಿಟ್ಟು ಕೂಲಂಟ್ ತುಂಬಿ. ಹಿಂದಿನ ವಾಟರ್ ಹೀಟರ್ ಲೈನ್‌ನಲ್ಲೂ ಗಾಳಿ ಸಿಕ್ಕಿಕೊಂಡಿರುತ್ತದೆ, ಮೊದಲ ಬಿಸಿಯ ನಂತರ ಮಟ್ಟ ಇಳಿದರೆ ಹೆದರಬೇಡಿ, ಎಂಜಿನ್ ತಣ್ಣಗಾದ ಮೇಲೆ ತುಂಬಿ. ಎರಡು ಮೂರು ಸಲ ಬಿಸಿಯಾಗಿ ತಣ್ಣಗಾದ ಮೇಲೂ ಇಳಿಯುತ್ತಲೇ ಇದ್ದರೆ ಮತ್ತೆ ಪ್ರೆಶರ್ ಟೆಸ್ಟ್ ಮಾಡಿ. ಹೆಡ್ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಮಾಡಬೇಕೋ ಬೇಡವೋ ಅನ್ನುವುದು ಗ್ಯಾಸ್ಕೆಟ್ ಪೊಟ್ಟಣದ ಮೇಲೆಯೇ ಬರೆದಿರುತ್ತದೆ.

ಲೀಕ್‌ಡೌನ್ ಮಾಡಿದಾಗ ಗಾಳಿ ಎಲ್ಲಿಂದ ಬಂತು ಅಂತ ಇಲ್ಲೇ ಬರೆಯಿರಿ. 3 ಮತ್ತು 5 ಒಂದಕ್ಕೊಂದು ಸೋರದೆ ಬೇರೆ ಬೇರೆ ಕಡೆ ಸೋರುತ್ತಿದ್ದರೆ ಮಷೀನ್ ಶಾಪ್‌ನವರಿಗೆ ಹೇಳಬೇಕಾದ್ದು ಸ್ವಲ್ಪ ಬದಲಾಗುತ್ತದೆ. ಆಗ ನೋಡೋಣ.