ಮಗುವಿನ ಹೃದಯ ಹಿಗ್ಗಿದೆ: ಕಸಿಯೊಂದೇ ದಾರಿಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಹದಿನಾಲ್ಕು ತಿಂಗಳ ಮಗಳು ಹಾಲು ಕುಡಿಯುವಾಗ ನಾಲ್ಕು ಗುಟುಕಿಗೇ ಏದುಸಿರು ಬಿಡುತ್ತಾಳೆ, ಹಣೆಯೆಲ್ಲ ಬೆವರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ಹಿಗ್ಗಿ ದುರ್ಬಲವಾಗಿದೆ, ಮುಂದೆ ಹೃದಯ ಕಸಿ ಬೇಕಾಗಬಹುದು ಎಂದರು. ಬೇರೆ ಶಸ್ತ್ರಚಿಕಿತ್ಸೆ ಇಲ್ಲವೇ?

ಉತ್ತರ: ಕೆಲವು ಮಕ್ಕಳಿಗೆ ಇದೆ. ಹೃದಯ ಹಿಗ್ಗಿದ್ದು ಯಾಕೆ ಎಂಬುದು ಮೊದಲು ತಿಳಿಯಬೇಕು. ವೈದ್ಯರನ್ನು ನೇರವಾಗಿ ಕೇಳಿ: ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಎಡ ಕೊರೊನರಿ ರಕ್ತನಾಳ ಎಲ್ಲಿಂದ ಹೊರಟಿದೆ? ಅದು ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯಿಂದ ಹೊರಡಬೇಕು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಶ್ವಾಸಕೋಶದ ಅಪಧಮನಿಯಿಂದ ಹೊರಟಿರುತ್ತದೆ. ಆಗ ಹೃದಯದ ಸ್ನಾಯುವಿಗೆ ಆಮ್ಲಜನಕ ಸಾಲದೆ ಅದು ಸೊರಗುತ್ತದೆ, ಎಕೋದಲ್ಲಿ ಡೈಲೇಟೆಡ್ ಕಾರ್ಡಿಯೊಮಯೋಪಥಿಯಂತೆಯೇ (ಹೃದಯದ ಸ್ನಾಯುವೇ ಸೊರಗಿ ಹಿಗ್ಗುವ ಕಾಯಿಲೆ) ಕಾಣುತ್ತದೆ. ನಾಳವನ್ನು ಸರಿಯಾದ ಜಾಗಕ್ಕೆ ಜೋಡಿಸಿದರೆ ಬಹುಪಾಲು ಮಕ್ಕಳ ಹೃದಯ ಚೇತರಿಸಿಕೊಳ್ಳುತ್ತದೆ. ಇಂಥ ದೋಷ ಕಣ್ತಪ್ಪಿ ಮಗು ಕಸಿಯ ಪಟ್ಟಿ ಸೇರುವುದು ನನಗೆ ಸಹಿಸಲಾಗದ ಸಂಗತಿ. ಎಕೋದಲ್ಲಿ ಸ್ಪಷ್ಟವಾಗದಿದ್ದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಂ ಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಮತ್ತು ಹೃದಯ ಬಡಿತದ ಲಯದೋಷಗಳನ್ನೂ ನೋಡಿಸಿ. ಅವು ಕಾರಣವಾಗಿದ್ದರೆ ಸಾಮಾನ್ಯವಾಗಿ ಔಷಧವೇ ಸಾಕಾಗುತ್ತದೆ.

ಇದ್ಯಾವುದೂ ಅಲ್ಲದಿದ್ದರೆ, ಜರ್ಮನಿಯ ಗೀಸನ್‌ನಲ್ಲಿ ಮಕ್ಕಳ ಹೃದಯ ತಜ್ಞ ಡೀಟ್ಮಾರ್ ಶ್ರಾಂಟ್ಸ್ ಅವರ ತಂಡ ಬೆಳೆಸಿದ ಒಂದು ವಿಧಾನವಿದೆ. ಶ್ವಾಸಕೋಶದ ಅಪಧಮನಿಗೆ ಸಣ್ಣ ಪಟ್ಟಿ ಸುತ್ತಿ ಅದನ್ನು ಕಿರಿದಾಗಿಸುತ್ತಾರೆ. ದುರ್ಬಲ ಹೃದಯಕ್ಕೆ ಇನ್ನಷ್ಟು ಹೊರೆಯೇ ಎಂದು ನೀವು ಗಾಬರಿಯಾಗಬಹುದು. ಹೊರೆ ಬೀಳುವುದು ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಯ ಮೇಲೆ. ಅಲ್ಲಿ ಒತ್ತಡ ಏರಿದಾಗ, ಬಲಕ್ಕೆ ಉಬ್ಬಿದ್ದ ನಡುಗೋಡೆ ಎಡಕ್ಕೆ ಸರಿಯುತ್ತದೆ. ಚೆಂಡಿನಂತೆ ಊದಿದ್ದ ಎಡ ಹೃತ್ಕುಕ್ಷಿ ತನ್ನ ಆಕಾರಕ್ಕೆ ಮರಳತೊಡಗಿ, ಅದರ ಬಾಗಿಲಲ್ಲಿರುವ ಮೈಟ್ರಲ್ ಕವಾಟದ ಸೋರಿಕೆಯೂ ತಗ್ಗಬಹುದು. ಹೃದಯ ಸುಧಾರಿಸಿದ ಮೇಲೆ ಪಟ್ಟಿಯನ್ನು ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಮೂಲಕ ಬಲೂನಿನಿಂದ ಸಡಿಲಿಸುತ್ತಾರೆ. ಇದು ಫಲಿಸಬೇಕಾದರೆ ಬಲ ಹೃತ್ಕುಕ್ಷಿ ಗಟ್ಟಿಯಾಗಿರಬೇಕು, ಮಗುವಿನ ವಯಸ್ಸು ಚಿಕ್ಕದಿರಬೇಕು. ಔಷಧಗಳನ್ನು ನಿಲ್ಲಿಸುವಂತಿಲ್ಲ. ಕೆಲವರಿಗೆ ಇದರ ನಂತರವೂ ಕಸಿ ಬೇಕಾಗುತ್ತದೆ.

ಬರ್ಲಿನ್ ಹಾರ್ಟ್ ಎಂಬ ದೇಹದ ಹೊರಗಿನ ಪಂಪಿನ ಬಗ್ಗೆಯೂ ಕೇಳಿರಬಹುದು. ಅದು ಹೆಚ್ಚಾಗಿ ಕಸಿ ಸಿಗುವ ತನಕ ಜೀವ ಹಿಡಿದಿಡುವ ಸಾಧನ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಪತ್ರ ಪಡೆದು, ಮಕ್ಕಳ ಹೃದಯ ಶಸ್ತ್ರಚಿಕಿತ್ಸಕರಿರುವ ಬೆಂಗಳೂರಿನ ಕೇಂದ್ರಕ್ಕೆ ತಡಮಾಡದೆ ಹೋಗಿ. ವರದಿಯ ಹಾಳೆ ಮಾತ್ರವಲ್ಲ, ಎಕೋ ದೃಶ್ಯಗಳ ಸಿಡಿಯನ್ನೂ ಒಯ್ಯಿರಿ. ಮಗು ಹಾಲು ಬಿಟ್ಟರೆ, ಕೈಕಾಲು ತಣ್ಣಗಾದರೆ ಅಥವಾ ಎಬ್ಬಿಸಿದರೂ ಮಂಕಾಗಿದ್ದರೆ, ಮಳೆ ನಿಲ್ಲಲಿ ಎಂದು ಕಾಯದೆ ಅದೇ ಗಳಿಗೆಯಲ್ಲಿ ಹತ್ತಿರದ ಆಸ್ಪತ್ರೆಗೆ ಸೇರಿಸಿ.